ವಾಚಕರನ್ನು ಹುಡುಕಿಕೊಂಡು ಹೊರಟವರು

ಚಿತ್ರ ಬರೆಯುವ, ಹಾಡುವ, ಕಥೆ ಕಟ್ಟುವ ಮಕ್ಕಳ ಪಾಲಕರು ನಮ್ಮ ಗಡಿಯೂರುಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಕನ್ನಡದ ಕಲೆಯನ್ನು ನಂಬಿದರೆ ಹೊಟ್ಟೆ ತುಂಬೀತೇ? ಇಲ್ಲಿ ಕನ್ನಡ ಬಲ್ಲವರೇ ಎಷ್ಟು ಜನ? ಈ ಸಂದೇಹ ನಿರಾಧಾರವಾದುದಲ್ಲ. ಆದರೆ ಇದಕ್ಕಿಂತ ಕಠಿಣವಾದ ಕಾಲದಲ್ಲಿ ಒಬ್ಬ ಹಿರಿಯರು ಇದಕ್ಕೆ ತಮ್ಮ ನಡಿಗೆಯಿಂದಲೇ ಉತ್ತರ ಕೊಟ್ಟಿದ್ದಾರೆ.

ಅವರು ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ನಾವೆಲ್ಲ ಬಲ್ಲ ಗಳಗನಾಥರು. 1869ರಲ್ಲಿ ಇಂದಿನ ಹಾವೇರಿ ಜಿಲ್ಲೆಯಲ್ಲಿ ಜನಿಸಿ ಶಾಲಾ ಶಿಕ್ಷಕರಾಗಿದ್ದವರು. ಆಗ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಕ್ಷರಸ್ಥರ ಒಲವು ಬಹುಮಟ್ಟಿಗೆ ಮರಾಠಿಯ ಕಡೆಗಿತ್ತು. ಓದುಗರಿಲ್ಲವೆಂದು ಕೊರಗುವ ಬದಲು, ಗಳಗನಾಥರು ಜನರ ರುಚಿಯನ್ನು ಅರಿತರು. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ಒಗ್ಗಿಸಿದರು. ವಿಜಯನಗರದ ಸ್ಥಾಪನೆಯನ್ನು ಕುರಿತು ‘ಮಾಧವ ಕರುಣಾ ವಿಲಾಸ’ವನ್ನು ರಚಿಸಿದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಮೂಲಕ ಅವರ ಬರಹ ಮನೆಮನೆ ಸೇರಿತು. ಅದೂ ಸಾಲದೆಂದು ಪುಸ್ತಕದ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ ಮಾರಿದರು.

ಈ ತಿರುಗಾಟದ ಫಲ ಒಂದು ದಿನದ ಮಾರಾಟಕ್ಕಷ್ಟೇ ಸೀಮಿತವಾಗಿರಲಿಲ್ಲ. ಮನೆಬಾಗಿಲಿಗೆ ಬಂದ ಲೇಖಕನ ಮುಖವನ್ನು ಕಂಡ ವಾಚಕನು ಆತನ ಮುಂದಿನ ಪುಸ್ತಕಕ್ಕೂ ಕಾಯುತ್ತಾನೆ. ನಿಷ್ಠೆ ಹುಟ್ಟುವುದು ಹೀಗೆ. ಅದೃಷ್ಟವೆಂಬುದೂ ಇದಕ್ಕಿಂತ ಭಿನ್ನವಲ್ಲ. ಯಾವ ಮನೆಯಲ್ಲಿ ಒಬ್ಬ ಆಸಕ್ತನಿದ್ದಾನೆಂದು ಮೊದಲೇ ತಿಳಿಯದು. ಆದರೆ ಹತ್ತು ಬಾಗಿಲು ತಟ್ಟಿದವನಿಗಿಂತ ನೂರು ಬಾಗಿಲು ತಟ್ಟಿದವನಿಗೆ ಅವನು ಸಿಗುವ ಸಂಭವ ಹೆಚ್ಚು.

ಗಳಗನಾಥರು ಇದರಿಂದ ಸಿರಿವಂತರಾಗಲಿಲ್ಲವೆಂಬುದನ್ನೂ ಹೇಳಲೇಬೇಕು. ಅಂದು ಒಂದೊಂದು ಊರಿಗೂ ಕಾಲು ಸವೆಸಬೇಕಿತ್ತು. ಇಂದು ಜತ್ತದ ಹುಡುಗಿಯ ಹಾಡು ಅರೆಗಳಿಗೆಯಲ್ಲಿ ದುಬೈಯ ಕನ್ನಡಿಗನನ್ನು ಮುಟ್ಟಬಲ್ಲುದು. ಅಮೆರಿಕದ ಲೇಖಕ ಕೆವಿನ್ ಕೆಲಿ 2008ರ ಒಂದು ಪ್ರಬಂಧದಲ್ಲಿ, ಸ್ವತಂತ್ರ ಕಲಾವಿದನಿಗೆ ಲಕ್ಷಾಂತರ ಜನ ಬೇಡ, ಸಾವಿರ ಮಂದಿ ನಿಜವಾದ ಅಭಿಮಾನಿಗಳು ಸಾಕು ಎಂದು ವಾದಿಸಿದರು. ನಮ್ಮ ಲೆಕ್ಕದಲ್ಲಿ ನೋಡೋಣ: ಸಾವಿರ ಜನರು ವರ್ಷಕ್ಕೆ ತಲಾ 500 ರೂಪಾಯಿಯನ್ನು ನೇರವಾಗಿ ಕೊಟ್ಟರೆ ಒಟ್ಟು 5 ಲಕ್ಷ ರೂಪಾಯಿ. ಖರ್ಚು ಕಳೆಯಬೇಕು, ಸಾವಿರ ಜನ ಕೂಡಲು ವರ್ಷಗಳೂ ಹಿಡಿಯುತ್ತವೆ. ಆದರೂ ನಮ್ಮ ಭಾಷೆಗೆ ಇದು ನಿಲುಕದ ಸಂಖ್ಯೆಯಲ್ಲ.

ವಕೀಲನಾಗಿ ಇನ್ನೊಂದು ಮಾತನ್ನು ಸೇರಿಸುವುದು ನನ್ನ ಕರ್ತವ್ಯ. ಹೀಗೆ ಗಳಿಸಿದ ಜನರ ಪ್ರೀತಿ ಉಳಿದರೂ ಕೃತಿಯ ಹಕ್ಕು ಕೈಬಿಟ್ಟರೆ ಆದಾಯವು ಪರರ ಪಾಲಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಸ್ವತಂತ್ರವಾಗಿ ರಚಿಸಿದ ಕಥೆ ಅಥವಾ ಹಾಡಿನ ಹಕ್ಕು ರಚಿಸಿದೊಡನೆಯೇ ಕರ್ತೃವಿಗೆ ಸೇರುತ್ತದೆ; ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಹಕ್ಕಿನ ವರ್ಗಾವಣೆ ಲಿಖಿತವಾಗಿದ್ದು, ಕೊಡುವವರ ಸಹಿ ಇರಲೇಬೇಕು. ಕರಾರಿನಲ್ಲಿ ಅವಧಿ ಹೇಳದಿದ್ದರೆ ಅದು 5 ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಭಾವಿಸುತ್ತದೆ. ಆದುದರಿಂದ ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’ ಎಂಬ ಪದಗಳು ಕಂಡಲ್ಲಿ ಲೇಖನಿಯನ್ನು ಕೆಳಗಿಟ್ಟು, ಬಲ್ಲವರನ್ನು ಕೇಳಿ ಮುಂದುವರಿಯಿರಿ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಮಗುವು ವಿದ್ಯಾಭ್ಯಾಸ ಮುಗಿಸಲಿ, ಉದ್ಯೋಗವನ್ನೂ ಅರಸಲಿ. ಜೊತೆಗೆ ತಿಂಗಳಿಗೊಂದು ಕೃತಿಯನ್ನು ತಪ್ಪದೆ ಪೂರ್ಣಗೊಳಿಸಿ ನಾಲ್ಕು ಜನರ ಮುಂದಿಡಲಿ. ಮೆಚ್ಚಿದವರ ಹೆಸರನ್ನು ಒಂದು ವಹಿಯಲ್ಲಿ ಬರೆದುಕೊಳ್ಳಲಿ. ಮುಂದಿನ ಕೃತಿ ಸಿದ್ಧವಾದಾಗ ಮೊದಲು ಅವರಿಗೇ ತಿಳಿಸಲಿ. ನಾವೂ ನೆರೆಮನೆಯ ಮಗುವಿನ ಚಿತ್ರಕ್ಕೆ, ನಮ್ಮೂರಿನ ಗಾಯಕನ ಹಾಡಿಗೆ ಬರಿಯ ಹೊಗಳಿಕೆಯ ಬದಲು ಬೆಲೆ ಕೊಟ್ಟು ಕೊಳ್ಳುವುದನ್ನು ರೂಢಿಸಿಕೊಳ್ಳೋಣ. ಆ ಸಾವಿರ ಜನರ ಪಟ್ಟಿ ನಮ್ಮ ಹೆಸರಿನಿಂದಲೇ ಆರಂಭವಾಗಬೇಕು.