ಹಸುಗೂಸಿನ ಚರ್ಮ ಮತ್ತು ಇಸುಬು: ಎಚ್ಚರವಿರಲಿ, ಆತಂಕ ಬೇಡ

ಉತ್ತರಹಳ್ಳಿಯ ಭಕ್ತರೊಬ್ಬರ ಮನೆಯ ತೊಟ್ಟಿಲು ಸಮಾರಂಭಕ್ಕೆ ನಾವು ಹೋಗಿದ್ದೆವು. ತೊಟ್ಟಿಲಲ್ಲಿದ್ದುದು ಎರಡನೆಯ ಕೂಸು. ಮೊದಲ ಮಗು ಮೂರನೆಯ ತಿಂಗಳಲ್ಲೇ ಇಸುಬಿನಿಂದ ನರಳಿ, ಹಾಸಿಗೆಗೆ ಕೆನ್ನೆ ಉಜ್ಜಿಕೊಂಡು ರಾತ್ರಿಯೆಲ್ಲ ಅಳುತ್ತಿದ್ದುದನ್ನು ಮನೆಯವರು ಮರೆತಿರಲಿಲ್ಲ. ತಾಯಿಗೆ ಬಾಲ್ಯದಿಂದಲೂ ಉಬ್ಬಸ. ಇದಕ್ಕೂ ಹಾಗೆಯೇ ಆದೀತೆಂಬ ಭಯದಿಂದ ಆಕೆ ದುಬಾರಿ ಕ್ರೀಮಿನ ಡಬ್ಬಿಗಳನ್ನು ತರಿಸಿಟ್ಟಿದ್ದರು. ಆಕೆಯ ತಾಯಿಯಾದರೋ, "ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ಎರೆದ್ರೆ ಸಾಕಮ್ಮ, ನಿಮ್ಮನ್ನೆಲ್ಲ ಹಾಗೇ ಅಲ್ವಾ ಬೆಳೆಸಿದ್ದು" ಎಂದರು. ಇಬ್ಬರದೂ ಅಕ್ಕರೆಯ ಮಾತೇ. ಆದರೆ ಕೂಸಿಗೆ ಯಾವುದು ಹಿತ?

ಇಸುಬು ಅಂಟುರೋಗವಲ್ಲ, ದೃಷ್ಟಿ ತಾಗಿ ಬರುವುದಲ್ಲ, ಬಾಣಂತಿ ಪಥ್ಯ ಮೀರಿದ್ದರ ಫಲವೂ ಅಲ್ಲ. ನಮ್ಮ ಚರ್ಮದ ಹೊರಪದರವು ಇಟ್ಟಿಗೆಯ ಗೋಡೆಯಂತೆ. ಜೀವಕೋಶಗಳು ಇಟ್ಟಿಗೆ, ಅವುಗಳ ನಡುವಿನ ಕೊಬ್ಬಿನಂಶ ಗಾರೆ. ಈ ಗೋಡೆಯನ್ನು ಭದ್ರವಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷವಿದ್ದರೆ ಇಸುಬಿನ ಸಂಭವ ಹೆಚ್ಚೆಂದು 2006ರಲ್ಲಿ ತಿಳಿದುಬಂತು. ಗೋಡೆ ಸಡಿಲವಾದಾಗ ಒಳಗಿನ ತೇವ ಆರಿಹೋಗುತ್ತದೆ, ಹೊರಗಿನ ಧೂಳು, ಸೋಂಕು ಒಳನುಗ್ಗುತ್ತವೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಇಸುಬು, ಉಬ್ಬಸ, ಅಲರ್ಜಿಯ ಶೀತವಿದ್ದರೆ ಅಂಥ ಕೂಸಿಗೆ ಅಪಾಯ ಹೆಚ್ಚು.

ಹಾಗಾದರೆ ಹುಟ್ಟಿದಂದಿನಿಂದಲೇ ಕ್ರೀಮು ಹಚ್ಚಿದರೆ ಇಸುಬು ಬಾರದೆ? 2014ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನಗಳು ಹಾಗೊಂದು ಆಸೆ ಹುಟ್ಟಿಸಿದ್ದವು. ಆದರೆ ಬ್ರಿಟನ್ನಿನಲ್ಲಿ ಇಂಥ ಕುಟುಂಬಗಳ 1394 ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಒಂದು ವರ್ಷ ನಿತ್ಯ ಕ್ರೀಮು ಹಚ್ಚಿದ ಮಕ್ಕಳ ಪೈಕಿ ಶೇ. 23ರಷ್ಟು, ಹಚ್ಚದವರ ಪೈಕಿ ಶೇ. 25ರಷ್ಟು ಮಕ್ಕಳಿಗೆ ಎರಡನೆಯ ವಯಸ್ಸಿನಲ್ಲಿ ಇಸುಬು ಕಂಡಿತು. ಇದು ಗಣನೆಗೆ ಬರುವ ವ್ಯತ್ಯಾಸವಲ್ಲ. ಕ್ರೀಮು ಹಚ್ಚಿದವರಲ್ಲಿ ಚರ್ಮದ ಸೋಂಕು ತುಸು ಹೆಚ್ಚಾಗಿಯೇ ಇತ್ತು. ಆದ್ದರಿಂದ ಕ್ರೀಮು ಒಣಚರ್ಮಕ್ಕೆ ಆರೈಕೆಯೇ ಹೊರತು ಇಸುಬಿಗೆ ರಕ್ಷಾಕವಚವಲ್ಲ. ಬೆಲೆ ಹೆಚ್ಚಿದಷ್ಟೂ ಗುಣ ಹೆಚ್ಚೆಂದು ಭಾವಿಸಿ ಸಾಲ ಮಾಡಬೇಕಾಗಿಲ್ಲ.

ನಿತ್ಯದ ಆರೈಕೆ ಸರಳವಾಗಿರಲಿ. ಬಾಣಂತಿಗೆ ಎರೆಯುವ ಸುಡುನೀರು ಕೂಸಿಗೆ ಸಲ್ಲದು. ಮೊಣಕೈಗೆ ಹಿತವೆನಿಸುವ ಉಗುರುಬೆಚ್ಚನೆಯ ನೀರಿನಲ್ಲಿ ಐದರಿಂದ ಹತ್ತು ನಿಮಿಷ ಸಾಕು. ಕಡಲೆಹಿಟ್ಟು, ಸೀಗೆಪುಡಿಗಳನ್ನು ಉಜ್ಜಿದರೆ ಎಳೆಯ ಚರ್ಮ ತರಚುತ್ತದೆ. ಸುವಾಸನೆಯಿಲ್ಲದ ಸೌಮ್ಯ ಸಾಬೂನನ್ನು ಬೇಕಾದಲ್ಲಿ ಮಾತ್ರ ಬಳಸಿರಿ. ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಮೈ ಹಸಿಯಾಗಿರುವಾಗಲೇ ಕೈ ತೊಳೆದುಕೊಂಡು ಸುವಾಸನೆಯಿಲ್ಲದ ಕ್ರೀಮನ್ನಾಗಲಿ, ಶುದ್ಧ ಕೊಬ್ಬರಿ ಎಣ್ಣೆಯನ್ನಾಗಲಿ ತೆಳುವಾಗಿ ಸವರಿರಿ. ಡಬ್ಬಿಗೆ ಬೆರಳು ಅದ್ದದೆ ಶುಚಿಯಾದ ಚಮಚದಿಂದ ತೆಗೆಯಿರಿ. ಉಣ್ಣೆಯ ಕುಲಾವಿಯ ಒಳಗೆ ಹತ್ತಿಯ ಬಟ್ಟೆಯಿರಲಿ. ಸಾಂಬ್ರಾಣಿಯ ಹೊಗೆ ಬೇಡ. ಅದು ಎಳೆಯ ಶ್ವಾಸನಾಳಗಳನ್ನು ಕೆರಳಿಸುತ್ತದೆ.

ಕೊಳವೆಬಾವಿಯ ಗಡಸು ನೀರಿನ ಬಗೆಗೂ ನಮ್ಮ ಬಡಾವಣೆಗಳ ತಾಯಂದಿರು ಕೇಳುವುದುಂಟು. ಗಡಸು ನೀರಿಗೂ ಇಸುಬಿಗೂ ನಂಟಿರುವಂತೆ ಕೆಲವು ಅಧ್ಯಯನಗಳು ತೋರಿಸಿವೆ. ಆದರೆ ಇಸುಬಿರುವ ಮಕ್ಕಳ ಮನೆಗೆ ನೀರು ಮೃದುಗೊಳಿಸುವ ಯಂತ್ರ ಅಳವಡಿಸಿ ನೋಡಿದಾಗ ವಿಶೇಷ ಗುಣ ಕಾಣಲಿಲ್ಲವೆಂದು 2011ರ ಬ್ರಿಟನ್ ಅಧ್ಯಯನ ತಿಳಿಸಿತು. ಸಾಬೂನು ಮೈಯಲ್ಲಿ ಉಳಿಯದಂತೆ ಚೆನ್ನಾಗಿ ತೊಳೆದರೆ ಸಾಕು.

ಲಿಂಗಧಾರಣೆಯಾದ ಕೂಸಿಗೆ ಕಟ್ಟುವ ದಾರವು ಮೆತ್ತನೆಯ ಹತ್ತಿಯದಾಗಿರಲಿ. ಒದ್ದೆಯಾದರೆ ಬದಲಿಸಿರಿ, ಕೊರಳಿಗೆ ಬಿಗಿಯದಂತೆ ನೋಡಿಕೊಳ್ಳಿರಿ. ಕೆಂಪೇರಿದ ಚರ್ಮಕ್ಕೆ ವಿಭೂತಿ ಸೋಕದಿರಲಿ.

ಕೆನ್ನೆ, ನೆತ್ತಿ, ಕೈಕಾಲುಗಳಲ್ಲಿ ಕೆಂಪು ಒರಟು ಮಚ್ಚೆ, ತುರಿಕೆ ಕಂಡರೆ ವೈದ್ಯರಿಗೆ ತೋರಿಸಿರಿ. ನೀರು, ಕೀವು ಒಸರಿದರೆ, ಹಳದಿ ಹಕ್ಕಳೆ ಕಟ್ಟಿದರೆ, ಜ್ವರ ಬಂದರೆ ಅಂದೇ ಹೋಗಬೇಕು. ಸೊಪ್ಪಿನ ರಸ ಹಚ್ಚಿ ಕಾಯುವುದಾಗಲಿ, ಅಂಗಡಿಯಿಂದ ತಾವೇ ಸ್ಟೀರಾಯ್ಡ್ ಮುಲಾಮು ತಂದು ಹಚ್ಚುವುದಾಗಲಿ ಸಲ್ಲದು. ವೈದ್ಯರೇ ಬರೆದುಕೊಟ್ಟರೆ ಹೆದರಿ ಬಿಡುವುದೂ ಸಲ್ಲದು. ಎದೆಹಾಲು ನಿಲ್ಲಿಸಬೇಡಿರಿ. ದೂರ ಹೋಗಬೇಕಿಲ್ಲ, ಜಯನಗರದ ಸಮೀಪದಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ.

ನಾವು ಹೊರಡುವ ಹೊತ್ತಿಗೆ ಅಜ್ಜಿ ಕಡಲೆಹಿಟ್ಟಿನ ಬಟ್ಟಲನ್ನು ಅಡುಗೆಮನೆಗೆ ಹಿಂದಿರುಗಿಸಿದ್ದರು. ಕೊಬ್ಬರಿ ಎಣ್ಣೆಯ ಬಟ್ಟಲು ಮಾತ್ರ ತೊಟ್ಟಿಲ ಬಳಿಯೇ ಉಳಿದಿತ್ತು. ತಾಯಿಯ ಮುಖದಲ್ಲಿ ತುಸು ನೆಮ್ಮದಿ ಕಂಡಿತು. ಇಸುಬು ಬಂದರೂ ಅದು ಆಕೆಯ ತಪ್ಪಲ್ಲವೆಂಬ ಮಾತೇ ಅಂದು ಆಕೆಗೆ ದೊರೆತ ದೊಡ್ಡ ಔಷಧ.