ಮೋರಿಸ್ ಮೋಟಾರಿನ ಮುಂಗಾಜು

ಪರೇಲಿನ ಹಳೆಯ ಚಾಳೊಂದರ ಅಂಗಳದಲ್ಲಿ, ನಳ್ಳಿಯ ಕಟ್ಟೆಗೂ ಸೈಕಲ್ಲುಗಳ ಸಾಲಿಗೂ ನಡುವೆ, ಟಾರ್ಪಾಲಿನ ಅಡಿಯಲ್ಲಿ ಪುಟ್ಟ ಮೋಟಾರೊಂದು ನಿಂತಿರುವುದನ್ನು ಆ ಕಡೆ ಪಾರ್ಸೆಲ್ ಒಯ್ಯುವ ನಮ್ಮ ಮಾಣಿಗಳಲ್ಲಿ ಕೆಲವರಾದರೂ ಕಂಡಿರಬಹುದು. ಅದು 1953ರ ಮೋರಿಸ್ ಮೈನರ್. ನಮ್ಮ ಹಿರಿಯ ಧಣಿಗಳೊಬ್ಬರ ಮೋಟಾರು. ಧಣಿಗಳು ತೀರಿಕೊಂಡು ಮೂರು ವರ್ಷಗಳಾದುವು. ಕಳೆದ ಮಳೆಗಾಲದಲ್ಲಿ ಪಕ್ಕದ ಕಟ್ಟಡದ ಅಟ್ಟಣಿಗೆಯಿಂದ ಬಿದಿರೊಂದು ಜಾರಿ ಈ ಮೋಟಾರಿನ ಮುಂಗಾಜಿನ ಬಲಭಾಗದ ಮೇಲೆ ಬಿದ್ದಿತು. ಗಾಜು ಕಲ್ಲುಸಕ್ಕರೆಯ ಹರಳಿನಂತೆ ಪುಡಿಯಾಗಿ ಆಸನದ ತುಂಬ ಚೆಲ್ಲಿತು. ಆ ಒಂದು ಗಾಜನ್ನು ಮತ್ತೆ ಕೂರಿಸಿದ ವೃತ್ತಾಂತವನ್ನು ಇಂದು ವಾಚಕರ ಮುಂದಿಡುತ್ತಿದ್ದೇವೆ. ಹೋಟೆಲಿನವರಿಗೂ ಗುಮಾಸ್ತರಿಗೂ ಮೋಟಾರಿನ ಗೊಡವೆ ಏಕೆಂದು ಕೇಳುವವರು ಸ್ವಲ್ಪ ತಾಳಬೇಕು.

ಮೋರಿಸ್ ಮೈನರ್ ಎಂಬುದು 1948ರಲ್ಲಿ ಲಂಡನ್ನಿನ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಗಾಡಿ. ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಎಂಬಾತನು, ಸಿದ್ಧವಾದ ಮಾದರಿಯು ತೀರ ಇಕ್ಕಟ್ಟಾಗಿ ಕಂಡಿತೆಂದು, ಅದನ್ನು ಉದ್ದಕ್ಕೆ ಸೀಳಿಸಿ ನಡುವೆ ನಾಲ್ಕು ಇಂಚು ಅಗಲ ಸೇರಿಸಿದನಂತೆ. ನಮ್ಮ ದೇಶದಲ್ಲಿ ಇದನ್ನೇ ಹಿಂದುಸ್ತಾನ್ ಮೋಟರ್ಸ್‌ನವರು ಜೋಡಿಸಿ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಿಂದ ಮಾರಿದರು. 1956ರವರೆಗಿನ ಮೈನರ್ ಮೋಟಾರುಗಳಿಗೆ ಮುಂಗಾಜು ಒಂದೇ ಅಲ್ಲ. ನಡುವೆ ಕಂಬವಿದ್ದು ಅದರ ಎಡಬಲಗಳಲ್ಲಿ ಎರಡು ಸಪಾಟು ಗಾಜುಗಳು. ಬಾಗಿದ ಒಂದೇ ಗಾಜು ಬಂದುದು ಆ ತರುವಾಯ. ಈ ಭೇದವೇ ಮುಂದೆ ನಮ್ಮನ್ನು ಕಾಪಾಡಿತು.

ಧಣಿಗಳು ಈ ಗಾಡಿಯನ್ನು ಹಳೆಯದನ್ನೇ ಕೊಂಡವರು. ಗಿರಣಿಯ ಸಿಳ್ಳು ಕೇಳಿ ಚಹದ ನೀರು ಒಲೆಗೇರಿಸುತ್ತಿದ್ದ ಕಾಲದ ಮನುಷ್ಯ. 1982ರ ಮುಷ್ಕರದ ತರುವಾಯ ಗಿರಾಕಿಗಳು ಕರಗಿದರು, ಎರಡು ಹೋಟೆಲು ಹೋಗಿ ಒಂದು ಉಳಿಯಿತು. ಗಾಡಿಯನ್ನು ಮಾತ್ರ ಮಾರಲಿಲ್ಲ. ಊರಿನಿಂದ ಬಂದ ಹುಡುಗರಲ್ಲಿ ಯಾರಿಗೆ ಜ್ವರ ಬಂದರೂ, ಅದು ಯಾರ ಹೋಟೆಲಿನ ಹುಡುಗನಾದರೂ, ಈ ಗಾಡಿಯೇ ಆಸ್ಪತ್ರೆಗೆ ಹೋಗುತ್ತಿತ್ತು.

ಈಗ ನಮ್ಮದೇ ತಪ್ಪೊಂದನ್ನು ಹೇಳಬೇಕಾಗಿದೆ. 2009ರಲ್ಲಿ ನಾವಿನ್ನೂ ಪತ್ರಿಕೆಯ ಕೆಲಸಕ್ಕೆ ಬಂದಿರಲಿಲ್ಲ. ಪರೇಲಿನಲ್ಲಿಯೇ ಗಲ್ಲಾದ ಮೇಲೆ ಕುಳಿತಿದ್ದೆವು. ನಮ್ಮ ಹೋಟೆಲಿನ ಮಿಠಾಯಿ ಶೋಕೇಸಿನ ಗಾಜು ಬಿರುಕು ಬಿಟ್ಟಿತ್ತು. ಅದಕ್ಕೆ ಟೇಪು ಅಂಟಿಸಿ, ದೀಪಾವಳಿಯವರೆಗೆ ನಡೆಯಲಿ ಎಂದವರು ನಾವೇ. ಒಂದು ಮಳೆಯ ರಾತ್ರಿ ಅದನ್ನು ಒರಸುತ್ತಿದ್ದ ಇಪ್ಪತ್ತು ವರ್ಷದ ಮಾಣಿಯ ಮಣಿಕಟ್ಟಿಗೆ ಆ ಗಾಜು ಕತ್ತಿಯಂತೆ ಇಳಿಯಿತು. ಹಿಂದಮಾತಾದಲ್ಲಿ ಮೊಣಕಾಲು ಮಟ್ಟ ನೀರು, ಟ್ಯಾಕ್ಸಿಗಳು ನಿಲ್ಲವು. ಸುದ್ದಿ ತಿಳಿದು ಧಣಿಗಳು ಲುಂಗಿಯಲ್ಲಿಯೇ ಮೋರಿಸ್ ತಂದರು. ಮೇಜಿನ ಬಟ್ಟೆಯಲ್ಲಿ ಸುತ್ತಿದ ಕೈಯನ್ನು ನಾವು ಮೇಲೆತ್ತಿ ಹಿಡಿದಿದ್ದೆವು. ಸುತ್ತು ಹಾದಿಯಿಂದ ಕೆ.ಇ.ಎಂ. ಆಸ್ಪತ್ರೆ ಸೇರಿದೆವು. ಜೀವ ಉಳಿಯಿತು, ಕೈಯೂ ಉಳಿಯಿತು. ಎರಡು ಬೆರಳುಗಳು ಮಾತ್ರ ಇಂದಿಗೂ ಪೂರ್ತಿ ಮಡಚುವುದಿಲ್ಲ. ಗುಣವಾಗುವ ತನಕ ಸಂಬಳ ಕೊಟ್ಟೆವೆಂಬುದು ನಿಜ. ಬೆರಳಿಗೆ ಅದರಿಂದ ಆದುದೇನೂ ಇಲ್ಲ.

ಆತನೀಗ ದಾದರಿನ ಒಂದು ಉಪಾಹಾರ ಗೃಹದಲ್ಲಿ ಕೌಂಟರು ನೋಡಿಕೊಳ್ಳುತ್ತಾನೆ. ಈ ಸಲ ಮೋರಿಸ್ಸಿನ ಗಾಜು ಒಡೆದ ಮೇಲೆ ಮೊದಲು ನಮಗೆ ಫೋನು ಮಾಡಿದವನು ಅವನೇ. ಧಣಿಗಳ ಮಗ ಬ್ಯಾಂಕಿನಲ್ಲಿರುವವರು. ಮೊದಲು ಗಾಡಿಯನ್ನು ಗುಜರಿಗೆ ಕೊಡುವುದೆಂದರು, ಆಮೇಲೆ ಹತ್ತಿರದ ಗಾಜಿನ ಅಂಗಡಿಯವನು ಒಂದು ತಾಸಿನಲ್ಲಿ ಸಾದಾ ಗಾಜು ಕತ್ತರಿಸಿ ಕೊಡುವೆನೆಂದುದಕ್ಕೆ ಒಪ್ಪಿದರು.

“ಅಣ್ಣ, ಅದು ನಮ್ಮ ಶೋಕೇಸಿನ ಗಾಜೇ ಅಲ್ಲವೋ?” ಎಂದು ಇವನು ಕೇಳಿದನು. ಅಷ್ಟೇ ಕೇಳಿದನು.

ಗಾಜುಗಳಲ್ಲಿ ಭೇದವಿದೆ. ಸಾದಾ ಗಾಜು ಒಡೆದರೆ ಉದ್ದುದ್ದ ಚೂರಿಗಳಾಗುವುದು. ಅದನ್ನು ಮೋಟಾರಿನ ಮುಂದೆ ಹಾಕುವುದೆಂದರೆ ಮುಖದೆದುರು ಕತ್ತಿ ಕಟ್ಟಿಕೊಂಡಂತೆ. ಎರಡನೆಯದು ಕಾಯಿಸಿ ಥಟ್ಟನೆ ತಣಿಸಿದ ಟಫನ್ಡ್ ಗಾಜು, ಮೋರಿಸ್ಸಿನಲ್ಲಿದ್ದುದು ಇದೇ. ಇದು ಹರಳುಹರಳಾಗಿ ಒಡೆಯುವುದರಿಂದ ಗಾಯ ಕಡಿಮೆ. ಆದರೆ ಓಡುವ ಗಾಡಿಗೆ ಕಲ್ಲು ತಗಲಿತೋ, ಕ್ಷಣಾರ್ಧದಲ್ಲಿ ಗಾಜೆಲ್ಲ ಬೆಳ್ಳಗಾಗಿ ದಾರಿಯೇ ಕಾಣದು. ಹಿಂದಿನ ಚಾಲಕರು ಮುಷ್ಟಿಯಿಂದ ಗುದ್ದಿ ತೂತು ಮಾಡಿ ನೋಡುತ್ತಿದ್ದುದುಂಟು. ಮೂರನೆಯದು ಲ್ಯಾಮಿನೇಟೆಡ್, ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳು ಹಾಳೆ. ಒಡೆದರೂ ಚೂರುಗಳು ಆ ಹಾಳೆಗೆ ಅಂಟಿಕೊಂಡೇ ಇರುವುವು. 1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆದಿಕ್ತುಸ್ ಎಂಬ ರಸಾಯನಜ್ಞನ ಕೈಯಿಂದ ಗಾಜಿನ ಕುಪ್ಪಿಯೊಂದು ಬಿದ್ದು, ಬಿರುಕು ಬಿಟ್ಟರೂ ಚೆದುರದೆ ಉಳಿಯಿತು. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯೇ ಕಾರಣವೆಂದು ಆತನು ಕಂಡುಕೊಂಡು, 1909ರಲ್ಲಿ ಪೇಟೆಂಟು ಪಡೆದನು. ನಮ್ಮ ದೇಶದಲ್ಲಿ 1993ರ ತಿದ್ದುಪಡಿಯ ನಿಯಮವು ಮೂರು ವರ್ಷದ ಗಡುವು ಕೊಟ್ಟು, ಆ ಮೇಲೆ ತಯಾರಾಗುವ ಮೋಟಾರುಗಳಿಗೆ ಮುಂಗಾಜು ಲ್ಯಾಮಿನೇಟೆಡ್ ಆಗಿಯೇ ಇರತಕ್ಕದ್ದೆಂದು ವಿಧಿಸಿತು. 1953ರ ಗಾಡಿಗೆ ಈ ವಿಧಿ ತಗಲದು. ತಗಲದಿದ್ದರೂ ಹಾಕಬಾರದೆಂದು ಯಾರೂ ಹೇಳಿಲ್ಲವಷ್ಟೆ.

ಆದರೆ ಎಲ್ಲಿಂದ ತರುವುದು? ಪ್ರೀಮಿಯರ್ ಪದ್ಮಿನಿಯ ಗಾಜಾದರೆ ಮುಂಬಯಿಯಲ್ಲಿ ಹುಡುಕಬಹುದು; ಅದು ಇಲ್ಲೇ ಕುರ್ಲಾದಲ್ಲಿ ತಯಾರಾದ ಗಾಡಿ, 2023ರ ಅಕ್ಟೋಬರ್ ಕೊನೆಯವರೆಗೆ ಟ್ಯಾಕ್ಸಿಯಾಗಿ ಓಡಿದೆ. ಮೋರಿಸ್ಸಿಗೆ ಅಂಥ ಬಂಧುಬಳಗವಿಲ್ಲ. ಮೂರು ರವಿವಾರಗಳು ಅಲೆದ ಮೇಲೆ ಕುರ್ಲಾದ ಬಿಡಿಭಾಗಗಳ ಪೇಟೆಯಲ್ಲಿ ಒಬ್ಬ ವೃದ್ಧ ಕಾರಿಗರ್ ದೊರೆತರು. ಎಲ್ಲರೂ ಅವರನ್ನು ಚಾಚಾ ಎನ್ನುವರು. ನಾವೂ ಹಾಗೆಯೇ ಕರೆದೆವು. ಬಾಗಿದ ಗಾಜಾಗಿದ್ದರೆ ಅಚ್ಚು ಮಾಡಿಸಿ ಕುಲುಮೆಯಲ್ಲಿ ಬಗ್ಗಿಸಬೇಕಾಗುತ್ತಿತ್ತು, ಒಂದಕ್ಕಾಗಿ ಯಾರೂ ಮಾಡರು. ಸಪಾಟು ಗಾಜಾದುದರಿಂದ ಲಾರಿಯ ಹೊಸ ಮುಂಗಾಜು ತಂದು ಕತ್ತರಿಸೋಣವೆಂದರು. ಟಫನ್ಡ್ ಗಾಜನ್ನು ಒಮ್ಮೆ ಹದಮಾಡಿದ ಮೇಲೆ ಕತ್ತರಿಸಲಾಗದು, ಪುಡಿಯಾಗಿ ಹೋಗುವುದು, ಲ್ಯಾಮಿನೇಟೆಡ್ಡನ್ನು ಕತ್ತರಿಸಬಹುದು. ಇದು ನಮಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಎಡಗಡೆಯ ಗಾಜು ನೆಟ್ಟಗಿತ್ತು. ಅದರ ಮೇಲೆ ರಟ್ಟಿಟ್ಟು ಆಕಾರ ತೆಗೆದು, ಮಗುಚಿ ಬಲಗಡೆಯ ಚೌಕಟ್ಟಿಗೆ ಹಿಡಿದರು. ಕೆಳಮೂಲೆಯಲ್ಲಿ ನೂಲೆಳೆಯಷ್ಟು ವ್ಯತ್ಯಾಸ ಬಂದಿತು. ರಟ್ಟನ್ನು ಅಲ್ಲಿ ಕೆತ್ತಿದರು. ಗಾಜಿನ ಮೂಲೆಯಲ್ಲಿರುವ ಐ.ಎಸ್. 2553 ಎಂಬ ಸುರಕ್ಷಾ ಗಾಜಿನ ಗುರುತು ನಮ್ಮ ತುಂಡಿನಲ್ಲಿಯೇ ಉಳಿಯುವಂತೆ ರಟ್ಟನ್ನು ಇಟ್ಟರು. ಒಂದು ಮಗ್ಗುಲಿಗೆ ಗೆರೆ ಕೊರೆದು, ಹೊರಳಿಸಿ ಅದೇ ಜಾಗದಲ್ಲಿ ಇನ್ನೊಂದು ಮಗ್ಗುಲಿಗೂ ಕೊರೆದು, ಮೆಲ್ಲನೆ ಮುರಿದರು. ಗಾಜುಗಳೆರಡೂ ತುಂಡಾದುವು, ನಡುವಿನ ಹಾಳೆ ಬಿಡಲಿಲ್ಲ. ಗೆರೆಯುದ್ದಕ್ಕೂ ಸ್ಪಿರಿಟ್ ಸುರಿದು ಕಡ್ಡಿ ಗೀರಿದರು. ನೀಲಿ ಜ್ವಾಲೆ ಓಡಿ ಆರಿತು. ಮೆತ್ತಗಾದ ಹಾಳೆಯನ್ನು ಬ್ಲೇಡಿನಿಂದ ಕೊಯ್ದರು. ಅಂಚನ್ನು ಕಲ್ಲಿನಿಂದ ಉಜ್ಜಿದರು. ಇಷ್ಟಕ್ಕೂ ಅವರು ಒಮ್ಮೆಯೂ ಅವಸರ ಮಾಡಲಿಲ್ಲ. ದೋಸೆಯ ಹೆಂಚಿನ ಮುಂದೆ ನಿಂತ ಒಳ್ಳೆಯ ಭಟ್ಟರಲ್ಲಿ ಮಾತ್ರ ಇಂಥ ಕೈಯನ್ನು ಕಂಡಿದ್ದೇವೆ.

ಚೌಕಟ್ಟಿನ ಹಳೆಯ ರಬ್ಬರು ಒಣಗಿ ಗಟ್ಟಿಯಾಗಿತ್ತು. ಚಾಕುವಿನಿಂದ ಕೆತ್ತಿ ತೆಗೆದರೆ ಅಡಿಯಲ್ಲಿ ತುಕ್ಕು. ಅದನ್ನು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಒಣಗಲೆಂದು ಒಂದು ವಾರ ಬಿಟ್ಟೆವು. ಈ ಹಂತ ಬಿಟ್ಟರೆ ಹೊಸ ಗಾಜು ಕೂತರೂ ನೀರು ಒಳಗೆ ಸೋರುವುದಂತೆ.

ಮುಂದಿನ ರವಿವಾರ ಗಾಜಿನ ಸುತ್ತ ಹೊಸ ರಬ್ಬರು ತೊಡಿಸಿ, ಅದರ ಹೊರಸೀಳಿನೊಳಗೆ ಗಟ್ಟಿ ದಾರವೊಂದನ್ನು ಸುತ್ತ ಹಾಯಿಸಿ, ಎರಡು ತುದಿಗಳನ್ನು ಮೋಟಾರಿನ ಒಳಗೆ ಇಳಿಬಿಟ್ಟರು. ಸಾಬೂನಿನ ನೀರು ಸವರಿ ಗಾಜನ್ನು ಹೊರಗಿನಿಂದ ಚೌಕಟ್ಟಿಗೆ ಆನಿಸಿದರು. ಇನ್ನು ಒಳಗೆ ಕುಳಿತವನು ದಾರವನ್ನು ಮೆಲ್ಲನೆ ಎಳೆಯುತ್ತ ಬಂದಂತೆ, ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಬದಿಗೆ ಮಗುಚಿಕೊಳ್ಳಬೇಕು. ಹೊರಗಿನವನು ಅಂಗೈಯಿಂದ ಒತ್ತುತ್ತ ಹೋಗಬೇಕು. ಧಣಿಗಳ ಮಗ ಒಳಗೆ ಕೂರಲು ಬಂದರು.

“ನಾನು ಎಳೆಯುತ್ತೇನೆ,” ಎಂದನು ನಮ್ಮ ಹುಡುಗ. ಬೆರಳಿನ ಮಾತು ಯಾರೂ ಎತ್ತಲಿಲ್ಲ. ಅವನು ದಾರವನ್ನು ಎಡಗೈಗೆ ಸುತ್ತಿಕೊಂಡು, ಬಲಗೈಯ ಮಡಚದ ಬೆರಳೆರಡರಿಂದ ರಬ್ಬರನ್ನು ತಳ್ಳುತ್ತ ಬಂದನು. ಅಡಿಯಿಂದ ಮೂಲೆ, ಮೂಲೆಯಿಂದ ಮೇಲೆ. ಕಾಲು ತಾಸಿನಲ್ಲಿ ಗಾಜು ಕುಳಿತಿತು.

ಬಕೆಟ್ಟಿನಿಂದ ನೀರು ಸುರಿದು ನೋಡಿದರೆ ನಡುಗಂಬದ ಬುಡದಲ್ಲಿ ಒಂದು ಹನಿ ಜಿನುಗಿತು. ಚಾಚಾ ಅಲ್ಲಿಗೆ ಅಂಟು ತುಂಬಿದರು. ಎರಡನೆಯ ಬಕೆಟ್ಟಿಗೆ ಒಳಗೆ ಒಣಗಿಯೇ ಇದ್ದಿತು.

ಧಣಿಗಳ ಮಗ ಈಗ ಗುಜರಿಯ ಮಾತಾಡುತ್ತಿಲ್ಲ. 2021ರ ನಿಯಮದಂತೆ, ಐವತ್ತು ವರ್ಷ ದಾಟಿ ಮೂಲ ರೂಪದಲ್ಲಿಯೇ ಇರುವ ಗಾಡಿಗಳನ್ನು ವಿಂಟೇಜ್ ಎಂದು ಬೇರೆಯಾಗಿ ನೋಂದಾಯಿಸಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆ ಅರ್ಜಿಯ ಕಾಗದಗಳನ್ನು ಅವರು ಜೋಡಿಸುತ್ತಿದ್ದಾರೆ. ಎಡಗಡೆಯ ಹಳೆಯ ಗಾಜಿಗೂ ಲಾರಿಗಾಜಿನಲ್ಲಿ ಉಳಿದ ತುಂಡು ಸಾಕಾಗುವುದೆಂದು ಚಾಚಾ ಅಳೆದು ಹೇಳಿದ್ದಾರೆ. ಬರುವ ರವಿವಾರ ಬೆಳಿಗ್ಗೆ ಹತ್ತಕ್ಕೆ ಬರುವರು. ದಾರ ಎಳೆಯುವವನು ದಾದರಿನಲ್ಲಿ ಆಗಲೇ ರಜೆ ಕೇಳಿಟ್ಟಿದ್ದಾನೆ.