ಎಡ್ವರ್ಡ್ ಸಯೀದ್: ಓದಿನೊಳಗಿನ ರಾಜಕಾರಣ

1967ರ ಜೂನ್‌ವರೆಗೆ ಎಡ್ವರ್ಡ್ ಸಯೀದ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ತರುಣ ಮೇಷ್ಟ್ರು. ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಬಗ್ಗೆ ಒಂದು ಪುಸ್ತಕ ಬರೆದಿದ್ದರು, ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದರು. ಹುಟ್ಟಿದ್ದು 1935ರಲ್ಲಿ, ಜೆರುಸಲೆಮ್ಮಿನ ಕ್ರೈಸ್ತ ಅರಬ್ ಮನೆತನದಲ್ಲಿ; ಬೆಳೆದದ್ದು ಹೆಚ್ಚಾಗಿ ಕೈರೋದಲ್ಲಿ. ಆ ಜೂನಿನ ಆರು ದಿನಗಳ ಯುದ್ಧದಲ್ಲಿ ವೆಸ್ಟ್ ಬ್ಯಾಂಕ್, ಗಾಜಾ, ಪೂರ್ವ ಜೆರುಸಲೆಮ್ ಇಸ್ರೇಲಿನ ಕೈಸೇರಿದವು. ತಾನು ಅರಬ್ ಎಂಬುದನ್ನು ಬದಿಗಿಟ್ಟು ಪಾಠ ಹೇಳುವುದು ಸಯೀದರಿಗೆ ಆಮೇಲೆ ಆಗಲಿಲ್ಲ.

ಹಾಗೆಂದು ಅವರು ಸಾಹಿತ್ಯ ಬಿಟ್ಟು ರಾಜಕೀಯಕ್ಕೆ ಹೋದವರಲ್ಲ. ಕಾದಂಬರಿ ಓದುವ ಕಣ್ಣಿನಲ್ಲೇ ರಾಜಕೀಯವನ್ನೂ ಓದಿದರು. 1978ರ ‘ಓರಿಯಂಟಲಿಸಂ’ ಪುಸ್ತಕದ ಮೊದಲ ಅಧ್ಯಾಯ ಶುರುವಾಗುವುದೇ 1910ರ ಒಂದು ಭಾಷಣದ ಚರ್ಚೆಯಿಂದ. ಬ್ರಿಟನ್ನಿನ ಮಾಜಿ ಪ್ರಧಾನಿ ಬಾಲ್ಫರ್ ಸಂಸತ್ತಿನಲ್ಲಿ ಈಜಿಪ್ಟಿನ ಆಳ್ವಿಕೆಯನ್ನು ಸಮರ್ಥಿಸುತ್ತ, ಆ ನಾಡಿನ ನಾಗರಿಕತೆ ನಮಗೆ ಚೆನ್ನಾಗಿ ಗೊತ್ತು ಎನ್ನುತ್ತಾರೆ. ಗೊತ್ತಿದೆ ಎನ್ನುವುದು ಆಳುವ ಹಕ್ಕಾಗಿ ಹೇಗೆ ಮಾರ್ಪಟ್ಟಿತು ಎಂದು ಸಯೀದ್ ಕೆದಕುತ್ತಾರೆ. ವಿದ್ವಾಂಸರು, ಪ್ರವಾಸಿಗಳು, ಅಧಿಕಾರಿಗಳು ಎಲ್ಲರೂ ಸೇರಿ ಜಡವಾದ, ತನ್ನನ್ನು ತಾನು ಆಳಿಕೊಳ್ಳಲಾರದ ಒಂದು ‘ಪೂರ್ವ’ವನ್ನು ಬರೆದು ಬರೆದೇ ಕಟ್ಟಿದರು ಎಂಬುದು ಅವರ ವಾದ.

ಈ ಪುಸ್ತಕದಲ್ಲಿ ಸಯೀದ್ ಜರ್ಮನ್ ವಿದ್ವಾಂಸರನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದಾರೆ ಎಂಬ ಆಕ್ಷೇಪ ಆಗಲೇ ಎದ್ದಿತು. ಇಂದಿಗೂ ಜರ್ಮನ್ ವಿದ್ವಾಂಸ ಕಿಟೆಲ್‌ರ ಕನ್ನಡ ನಿಘಂಟು ತೆರೆದು ನೋಡುವ ನಮಗೆ ಆ ಆಕ್ಷೇಪ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ಸಯೀದರ ಓದಿನ ಸೊಗಸು ಕಾಣಬೇಕಾದರೆ 1993ರ ‘ಕಲ್ಚರ್ ಅಂಡ್ ಇಂಪೀರಿಯಲಿಸಂ’ ನೋಡಬೇಕು. ಜೇನ್ ಆಸ್ಟೆನ್‌ಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಇಂಗ್ಲೆಂಡಿನ ಒಂದು ದೊಡ್ಡ ಮನೆಯ ಕಥೆ. ಆ ಮನೆಯ ಯಜಮಾನನಿಗೆ ಕೆರಿಬಿಯನ್ನಿನ ಆಂಟಿಗುವಾ ದ್ವೀಪದಲ್ಲಿ ಆಸ್ತಿಯಿದೆ. ಅಂದರೆ ಗುಲಾಮರ ದುಡಿಮೆಯ ಹಣ. ಗುಲಾಮರ ವ್ಯಾಪಾರದ ಬಗ್ಗೆ ತಾನು ಕೇಳಿದಾಗ ಯಾರೂ ತುಟಿ ಬಿಚ್ಚಲಿಲ್ಲ ಎಂದು ನಾಯಕಿ ಒಂದೆಡೆ ನೆನೆಯುತ್ತಾಳೆ. ಸಯೀದ್ ಈ ಮೌನವನ್ನೇ ಹಿಡಿದು ಜಗ್ಗುತ್ತಾರೆ. ಆದರೆ ಇದರಿಂದ ಆಸ್ಟೆನ್ ಸಣ್ಣ ಲೇಖಕಿಯಾದಳು ಎಂದು ಅವರು ಎಲ್ಲೂ ಹೇಳುವುದಿಲ್ಲ. ಸಯೀದರನ್ನು ಬೈಯುವವರೂ ಹೊಗಳುವವರೂ ಮರೆಯುವ ಮಾತಿದು.

ರಾಜಕಾರಣದಲ್ಲೂ ಯಾರ ಕಡೆಗೂ ಪೂರ್ತಿ ವಾಲದ ಅದೇ ಹಟ. 1977ರಿಂದ 1991ರವರೆಗೆ ಪ್ಯಾಲೆಸ್ತೀನ್ ರಾಷ್ಟ್ರೀಯ ಮಂಡಳಿಯ ಸದಸ್ಯರಾಗಿದ್ದರೂ ಯಾವ ಬಣಕ್ಕೂ ಸೇರಲಿಲ್ಲ. ಇಸ್ರೇಲಿನೊಂದಿಗೆ ಪ್ಯಾಲೆಸ್ತೀನ್ ನಾಯಕ ಅರಾಫತ್ ಮಾಡಿಕೊಂಡ 1993ರ ಓಸ್ಲೊ ಒಪ್ಪಂದವನ್ನು ಶರಣಾಗತಿ ಎಂದೇ ಬರೆದರು. ಪರಿಣಾಮ, 1996ರಲ್ಲಿ ಅರಾಫತ್ ಆಡಳಿತವೇ ಅವರ ಪುಸ್ತಕಗಳನ್ನು ನಿಷೇಧಿಸಿತು. ರಕ್ತದ ಕ್ಯಾನ್ಸರ್ ಆಗಲೇ ಅಂಟಿಕೊಂಡಿತ್ತು. 2003ರಲ್ಲಿ ತೀರಿಕೊಳ್ಳುವವರೆಗೂ ಬರವಣಿಗೆ ನಿಲ್ಲಲಿಲ್ಲ.

2000ದಲ್ಲಿ ಲೆಬನಾನ್ ಗಡಿಯಿಂದ ಇಸ್ರೇಲಿನತ್ತ ಅವರು ಕಲ್ಲು ಬೀಸುತ್ತಿದ್ದ ಫೋಟೊ ಪತ್ರಿಕೆಗಳಲ್ಲಿ ಬಂತು. ಅದರ ಬೆನ್ನಿಗೆ ವಿಯೆನ್ನಾದ ಫ್ರಾಯ್ಡ್ ಸಂಸ್ಥೆ ತಾನು ಗೊತ್ತುಮಾಡಿದ್ದ ಅವರ ಉಪನ್ಯಾಸವನ್ನು ರದ್ದುಮಾಡಿತು. ಲಂಡನ್ನಿನ ಫ್ರಾಯ್ಡ್ ವಸ್ತುಸಂಗ್ರಹಾಲಯ ಕರೆಯಿತು, ಅಲ್ಲಿ ಹೋಗಿ ಮಾತಾಡಿದರು. ಎತ್ತಿಕೊಂಡ ವಿಷಯ, ಯಹೂದಿಗಳ ಮೂಲಪುರುಷರಲ್ಲಿ ಒಬ್ಬನಾದ ಮೋಸೆಸ್ ಈಜಿಪ್ಟಿನವನು ಎಂಬ ಫ್ರಾಯ್ಡನ ವಾದ.